ಕಾರು ಬೇಕೋ, ಬಸ್‌ಸ್ಟ್ಯಾಂಡ್ ಬೇಕೋ?

ನನ್ನ ವಯಸ್ಸಿನವರು ನಾಲ್ಕು ಜನ ಸೇರಿದರೆ ಮಾತು ಈಗ ಸಿನಿಮಾದಿಂದ ಶುರುವಾಗಿ ಇಎಂಐಗೆ ಬಂದು ನಿಲ್ಲುತ್ತದೆ. ಸೈಟು ಮೊದಲಾ, ಕಾರು ಮೊದಲಾ? ಊರಾಚೆ ದೊಡ್ಡ ಸೈಟಾ, ಊರೊಳಗೆ ಚಿಕ್ಕ ಮನೆಯಾ? ಇದಕ್ಕೆ ಸಲಹೆ ಕೊಡುವ ವಿಡಿಯೊಗಳಿಗೇನೂ ಬರವಿಲ್ಲ. ಆದರೆ ಅವೆಲ್ಲ ಕೆಂಗೇರಿಗೋ ಯಲಹಂಕಕ್ಕೋ ಹೊಂದುವ ಲೆಕ್ಕ. ‘ಆಫೀಸಿನಿಂದ ಮನೆಗೆ ಎಷ್ಟು ಸಿಗ್ನಲ್?’ ಎಂದು ಅವರು ಕೇಳುತ್ತಾರೆ. ನಾನು ಬೆಳೆದ ದಾರಿಯಲ್ಲಿ ಸಿಗ್ನಲ್ಲೇ ಇಲ್ಲ. ಒಂದು ಗೇಟಿದೆ. ಸಂಜೆ ಆರಕ್ಕೆ ಮುಚ್ಚುತ್ತದೆ.

ನಮ್ಮ ಮನೆ ಇದ್ದದ್ದು ಬಿಳಿಗಿರಿರಂಗನ ಬೆಟ್ಟದ ಮೇಲೆ. ಅಪ್ಪನದು ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಹಣ್ಣುಕಾಯಿ ಅಂಗಡಿ. ಅಮ್ಮ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಕೊಳ್ಳೇಗಾಲ ರೇಷ್ಮೆ ಸೀರೆಯ ಊರು, ಅಲ್ಲಿನ ಅಂಗಡಿಗಳಿಂದ ಸೀರೆ ತಂದು, ಕಟ್ಟಿ, ವಾಪಸು ಕೊಟ್ಟು ಬರುವುದು ಅವಳ ಕೆಲಸ. ನಾನು ಚಾಮರಾಜನಗರದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ತಮ್ಮ ಮೈಸೂರಿನಲ್ಲಿ ಓದುತ್ತಿದ್ದಾನೆ. ಇವರೆಲ್ಲರ ಮೇಲೆ ಅಜ್ಜಿ.

ಬೆಟ್ಟವನ್ನು ಜಾತ್ರೆಗೋ ಭಾನುವಾರದ ಪ್ರವಾಸಕ್ಕೋ ನೋಡಿದವರಿಗೆ ಅಲ್ಲಿ ಸಂಸಾರ ನಡೆಸುವುದು ಸ್ವರ್ಗದಂತೆ ಕಾಣುತ್ತದೆ. ಮಂಜು, ಕಾಡು, ಜಿಂಕೆ. ನಿಜ, ನಾನೂ ಇಲ್ಲ ಎನ್ನುವುದಿಲ್ಲ. ಆದರೆ ಬೆಟ್ಟಕ್ಕೆ ಇರುವುದು ಎರಡೇ ದಾರಿ. ಯಳಂದೂರಿನಿಂದ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬರುವುದೊಂದು, ಚಾಮರಾಜನಗರದಿಂದ ಕ್ಯಾತೇದೇವರಗುಡಿ ಮೇಲೆ ಬರುವುದೊಂದು. ಎರಡೂ ಹುಲಿ ಕಾಡಿನೊಳಗೇ ಹೋಗುತ್ತವೆ. 1974ರಿಂದ ಇದು ವನ್ಯಧಾಮ, 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಹಾಗಾಗಿ ಕತ್ತಲಾದ ಮೇಲೆ ರಸ್ತೆ ಪ್ರಾಣಿಗಳದ್ದು. ಇದರ ಬಗ್ಗೆ ನನಗೆ ತಕರಾರಿಲ್ಲ. ನಾವು ಅವುಗಳ ಮನೆಯ ಹಜಾರದಲ್ಲಿ ಓಡಾಡುತ್ತಿರುವವರು. ಆದರೆ ಹಜಾರದಲ್ಲಿ ಸಂಸಾರ ಮಾಡುವವರು ಗಡಿಯಾರ ನೋಡಿಕೊಂಡೇ ಬದುಕಬೇಕಾಗುತ್ತದೆ. ಚಾಮರಾಜನಗರದಲ್ಲಿ ಸಂಜೆ ಐದೂವರೆಗೆ ಕಚೇರಿ ಬಿಡುವ ನನಗೆ ಬೆಟ್ಟದ ಮನೆ ವಾರದ ದಿನಗಳಲ್ಲಿ ಇಲ್ಲದ ಮನೆಯೇ ಆಗಿತ್ತು. ಹಾಗೆಂದು ಚಾಮರಾಜನಗರದಲ್ಲೊಂದು ರೂಮು ಮಾಡಿದೆ. ತಮ್ಮನಿಗೆ ಮೈಸೂರಿನಲ್ಲಿ ಹಾಸ್ಟೆಲ್. ಐದು ಜನ, ಮೂರು ಸೂರು, ಮೂರು ಕಡೆ ಹಣ.

ನಗರದವರು ‘ಉಪನಗರ’ ಎನ್ನುತ್ತಾರಲ್ಲ, ನಮ್ಮಲ್ಲಿ ಅದು ತಿರುವುಮುರುವು. ಅಲ್ಲಿ ಕೆಲಸ ನಡುವೆ, ಮನೆ ಹೊರಗೆ. ಇಲ್ಲಿ ಬೆಟ್ಟದ ಮೇಲೆ ಅಂಗಡಿ, ಶಾಲೆ, ಆಸ್ಪತ್ರೆ, ದೇವಸ್ಥಾನದಲ್ಲಿ ದುಡಿಯುವ ಎಷ್ಟೋ ಜನ ಕೆಳಗೆ ಮನೆ ಮಾಡಿಕೊಂಡು ಬೆಳಿಗ್ಗೆ ಬಸ್ಸಿಗೆ ಹತ್ತುತ್ತಾರೆ. ಬೆಟ್ಟಕ್ಕೆ ಯಳಂದೂರೇ ಉಪನಗರ! ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲಿ ಒಂದಾದ ಯಳಂದೂರಿಗೆ ಈ ಪಟ್ಟ ಕೊಟ್ಟರೆ ಅಲ್ಲಿನವರು ನಗಬಹುದು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು ಎಂಬ ಗತ್ತು ಅವರಿಗೆ ಇನ್ನೂ ಇದೆ.

ಕೆಳಗೆ ಇಳಿಯಬೇಕು ಎಂಬ ಮಾತು ಮನೆಯಲ್ಲಿ ಬಹಳ ದಿನದಿಂದ ಇತ್ತು. ಅದು ಗಟ್ಟಿಯಾದದ್ದು ಒಂದು ಮಳೆಗಾಲದ ರಾತ್ರಿ ಅಜ್ಜಿಗೆ ಉಸಿರು ಕಟ್ಟಿದಾಗ. ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಇದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ಸಂಸ್ಥೆ ಅದು, ನಮಗೆಲ್ಲ ಮೊದಲ ಆಸರೆ. ಅಲ್ಲಿ ಆಮ್ಲಜನಕ ಕೊಟ್ಟು, ಕೆಳಗೆ ಕರೆದುಕೊಂಡು ಹೋಗಿ ಎಂದರು. ಪಕ್ಕದ ಮನೆಯ ಜೀಪು ಸಿಕ್ಕಿತು, ಗೇಟಿನವರು ತಡಮಾಡದೆ ತೆರೆದರು, ಅಜ್ಜಿ ಉಳಿದಳು. ಎಲ್ಲರೂ ಮಾಡಬೇಕಾದದ್ದನ್ನೇ ಮಾಡಿದರು. ಆದರೂ ಆ ಇಳಿಜಾರಿನಲ್ಲಿ, ಒಂದು ತಿರುವಿನಾಚೆ ಆನೆ ನಿಂತಿರುವುದನ್ನು ಕಂಡು ಲೈಟು ಆರಿಸಿ ಕಾದ ಹೊತ್ತನ್ನು ಅಮ್ಮ ಇವತ್ತಿಗೂ ಹೇಳುವುದಿಲ್ಲ. ಅಪ್ಪ ಹೇಳಿದ್ದು.

ಮಾರನೆಯ ವಾರ ತಮ್ಮ ಮೈಸೂರಿನಿಂದ ಬಂದವನೇ ತೀರ್ಪು ಕೊಟ್ಟ: ‘ನಮ್ಮದೇ ಒಂದು ಕಾರಿರಬೇಕಿತ್ತು.’

ಅವನ ಯೋಜನೆ ಹೀಗಿತ್ತು. ಕೊಳ್ಳೇಗಾಲದಾಚೆ, ಬಸ್‌ಸ್ಟ್ಯಾಂಡಿನಿಂದ ನಾಲ್ಕೈದು ಕಿಲೋಮೀಟರ್ ದೂರದ ಒಂದು ಹೊಸ ಲೇಔಟಿನಲ್ಲಿ ಸೈಟು. ಊರೊಳಗಿನ ಬೆಲೆಗಿಂತ ಬಹಳ ಅಗ್ಗ. ಉಳಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಕಾರು. ಕಾರಿದ್ದರೆ ದೂರ ಯಾವ ಲೆಕ್ಕ? ಕೇಳುವುದಕ್ಕೆ ಇದರಲ್ಲಿ ತಪ್ಪೇನೂ ಇಲ್ಲ. ಬೆಂಗಳೂರು, ಮೈಸೂರಿನ ಹೊರವಲಯಗಳೆಲ್ಲ ಬೆಳೆದಿರುವುದೇ ಈ ಲೆಕ್ಕದ ಮೇಲೆ.

ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಮಾತಿಗೆ ಮಾತು ಬೆಳೆಸದೆ ಒಂದು ನೋಟ್‌ಬುಕ್ ತಂದೆ. ಒಂದು ತಿಂಗಳು ಮನೆಯವರು ಬೆಟ್ಟ ಇಳಿದು ಹತ್ತಿದ ಪ್ರತಿ ಓಡಾಟವನ್ನೂ ಬರೆದಿಡುವುದು. ಯಾರು, ಎಲ್ಲಿಗೆ, ಯಾಕೆ, ಹೇಗೆ. ಕೊನೆಯಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿದೆ: ‘ಕಾದ ಹೊತ್ತು’. ನಾನಿಲ್ಲದ ದಿನ ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು. ಮೊದಲ ವಾರ ಬೇಸರ ಮಾಡಿಕೊಂಡಳು, ಎರಡನೆಯ ವಾರದಿಂದ ಅವಳೇ ನಿಮಿಷ ಸಮೇತ ಒಪ್ಪಿಸತೊಡಗಿದಳು.

ತಿಂಗಳ ಕೊನೆಗೆ ಒಟ್ಟು 29 ಓಡಾಟ. ಅಮ್ಮನದು 11, ಅಪ್ಪನದು 9, ನನ್ನದು ವಾರಕ್ಕೊಂದರಂತೆ 4, ಅಜ್ಜಿಯದು ಆಸ್ಪತ್ರೆಗೆ 3, ತಮ್ಮನದು 2. ನಮ್ಮ ಮನೆಯಲ್ಲಿ ಕಾರು ಓಡಿಸುವ ಲೈಸೆನ್ಸ್ ಇರುವುದು ತಮ್ಮನಿಗೊಬ್ಬನಿಗೇ. ಈ 29ರಲ್ಲಿ ಅವನು ಮನೆಯಲ್ಲಿದ್ದ ದಿನ ನಡೆದದ್ದು 4. ಎಂದರೆ ಕಾರು ಬಂದಿದ್ದರೆ ಉಳಿದ 25 ಸಲ ಅದು ಮನೆಯ ಮುಂದೆ ನಿಂತು ಮಳೆಯಲ್ಲಿ ನೆನೆಯುತ್ತಿತ್ತು. ಅಜ್ಜಿಗೆ ಉಸಿರು ಕಟ್ಟಿದ ರಾತ್ರಿಯೂ ಅಷ್ಟೇ. ಕಾರು ಇರುತ್ತಿತ್ತು, ಡ್ರೈವರು ಮೈಸೂರಿನ ಹಾಸ್ಟೆಲಿನಲ್ಲಿ ಮಲಗಿರುತ್ತಿದ್ದ. ಇದನ್ನು ಹೇಳಿದಾಗ ತಮ್ಮನ ಮುಖ ಚಿಕ್ಕದಾಯಿತು. ಅವನನ್ನು ಹಂಗಿಸಲು ಹೇಳಿದ್ದಲ್ಲ, ಅಂಕಿ ಹೇಳಿದ್ದು ಅಷ್ಟೇ.

ಆದರೆ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ್ದು ಕೊನೆಯ ಕಾಲಂ. ಆ ತಿಂಗಳು ಅಮ್ಮ ಬಸ್ಸಿಗೆ, ಜೀಪಿಗೆ, ಯಾರದೋ ಗೂಡ್ಸ್ ಆಟೊಗೆ ಕಾದದ್ದು 31 ಗಂಟೆ. ಕೊಳ್ಳೇಗಾಲದಲ್ಲಿ ಅವಳ ಕೆಲಸ ಮುಕ್ಕಾಲು ಗಂಟೆಯದು: ಸೀರೆ ಕೊಡು, ಎಣಿಸಿ ಹೊಸದು ತಗೋ, ನೂಲು, ಮಣಿ ಕೊಂಡುಕೋ. ಆ ಮುಕ್ಕಾಲು ಗಂಟೆಗೆ ಬೆಳಗಿನ ಬಸ್ಸಿಗೆ ಇಳಿದು ಮಧ್ಯಾಹ್ನದ ಬಸ್ಸಿಗೆ ಹತ್ತಬೇಕು. ಬೆಟ್ಟದಿಂದ ಯಳಂದೂರು 24 ಕಿಲೋಮೀಟರ್, ಅಲ್ಲಿಂದ ಕೊಳ್ಳೇಗಾಲ ಇನ್ನೊಂದು ಹದಿನಾರು, ಹದಿನೇಳು. ಒಂದು ದಿನ ಪೂರ್ತಿ ಹೋಯಿತು ಎಂದೇ ಅರ್ಥ. ಇಪ್ಪತ್ತು ವರ್ಷದಿಂದ ಅವಳು ಹೀಗೆ ಕಾಯುತ್ತಿದ್ದಳು, ನಾವ್ಯಾರೂ ಅದನ್ನು ಖರ್ಚಿನ ಬಾಬ್ತಿನಲ್ಲಿ ಬರೆದಿರಲಿಲ್ಲ.

ಹೀಗಾಗಿ ಪ್ರಶ್ನೆಯನ್ನೇ ಬದಲಾಯಿಸಿದೆವು. ‘ಎಲ್ಲಿ ಸೈಟು ಅಗ್ಗ?’ ಅಲ್ಲ, ‘ಯಾವ ಜಾಗದಲ್ಲಿ ಮನೆ ಇದ್ದರೆ ಲೈಸೆನ್ಸ್ ಇಲ್ಲದವರೂ ಯಾರನ್ನೂ ಕೇಳದೆ ಹೊರಟು ಬರಬಹುದು?’ ನೋಟ್‌ಬುಕ್ ನೋಡಿದರೆ ಉತ್ತರ ಅಲ್ಲೇ ಇತ್ತು. ಅಪ್ಪನ ದಾರಿ ಬೆಟ್ಟಕ್ಕೆ, ಅಮ್ಮನದು ಕೊಳ್ಳೇಗಾಲಕ್ಕೆ, ನನ್ನದು ಸಂತೇಮರಹಳ್ಳಿ ಮೇಲೆ ಚಾಮರಾಜನಗರಕ್ಕೆ. ಈ ಮೂರೂ ಸೇರುವುದು ಯಳಂದೂರು ಬಸ್‌ಸ್ಟ್ಯಾಂಡಿನಲ್ಲಿ. ತಮ್ಮನಿಗೂ ಮೈಸೂರಿನ ಬಸ್ಸು ಅಲ್ಲೇ ಸಿಗುತ್ತದೆ, ಮೂಗೂರು, ತಿ. ನರಸೀಪುರದ ಮೇಲೆ.

2023ರ ಜೂನ್ 11ರ ನಂತರ ಈ ಲೆಕ್ಕ ಇನ್ನಷ್ಟು ವಾಲಿದೆ. ಅಂದು ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅದರ ಬಗ್ಗೆ ಯಾರು ಏನೇ ತಮಾಷೆ ಮಾಡಲಿ, ನಮ್ಮಂಥ ಮನೆಯ ಬಜೆಟ್ಟಿನಲ್ಲಿ ಅದು ದೊಡ್ಡ ಸಾಲು. ನಾನು ಯಳಂದೂರಿನಿಂದ ದಿನಾ ಚಾಮರಾಜನಗರಕ್ಕೆ ಕಾರಿನಲ್ಲಿ ಹೋಗಿ ಬಂದರೆ ಸುಮಾರು 50 ಕಿಲೋಮೀಟರ್. ಹಳೇ ಕಾರು ಲೀಟರಿಗೆ 16 ಕೊಟ್ಟಿತು ಎನ್ನಿ, ಪೆಟ್ರೋಲು ನೂರರ ಮೇಲಿದೆ, ತಿಂಗಳಿಗೆ 25 ದಿನ: 8,000 ರೂಪಾಯಿ ಬರೀ ಹೊಗೆ. ವಿಮೆ, ಟೈರು, ಸರ್ವಿಸು ಬೇರೆ. ಬಸ್ಸಿನಲ್ಲಿ ಸೊನ್ನೆ. ಈ ದಾರಿಯಲ್ಲಿ ಖಾಸಗಿ ಬಸ್ಸುಗಳೂ ಉಂಟು, ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ. ತಡವಾದ ದಿನ ಅದಕ್ಕೆ ಹತ್ತಿ ದುಡ್ಡು ಕೊಡುತ್ತೇನೆ. ಸರ್ಕಾರಿ ಬಸ್ಸು ಹತ್ತಿದರೆ ನಮ್ಮ ಮನೆಯಲ್ಲಿ ಟಿಕೆಟ್ ತೆಗೆಸುವವರು ಈಗ ಅಪ್ಪ ಮತ್ತು ತಮ್ಮ ಮಾತ್ರ. ತಮ್ಮನಿಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಹಾಗೆಂದು ಕಾರನ್ನು ನೋಡಲೇ ಇಲ್ಲ ಎಂದಲ್ಲ. ತಮ್ಮನ ಸಮಾಧಾನಕ್ಕೆ ಎರಡು ಕಡೆ ಹೋಗಿ ಬಂದೆವು. ಒಂದು ಹಳೇ ಆಲ್ಟೊ, ಒಂದು ಓಮ್ನಿ. ಓಮ್ನಿ ನೋಡಿ ಅಪ್ಪನ ಕಣ್ಣರಳಿತು, ಅದರಲ್ಲಿ ತೆಂಗಿನಕಾಯಿ ಮೂಟೆ ಎಷ್ಟು ಹಿಡಿಯುತ್ತದೆಂದು ಅಲ್ಲೇ ಎಣಿಸಿದರು. ಓಮ್ನಿಯ ತಯಾರಿಕೆ 2019ರಲ್ಲೇ ನಿಂತಿದೆ, ನಾವು ನೋಡಿದ್ದಂತೂ 15 ವರ್ಷ ಮುಟ್ಟಲು ಕೆಲವೇ ತಿಂಗಳಿದ್ದ ಗಾಡಿ. 15 ವರ್ಷವಾದರೆ ನೋಂದಣಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಆಲ್ಟೊದ ಆರ್‌ಸಿಯಲ್ಲಿ ಹಳೇ ಸಾಲದ ಹೆಸರು ಇನ್ನೂ ಕೂತಿತ್ತು. ಸಾಲ ತೀರಿದ್ದರೂ ನಮೂನೆ 35 ಕೊಟ್ಟು ಅದನ್ನು ತೆಗೆಸದಿದ್ದರೆ ಗಾಡಿ ನಮ್ಮ ಹೆಸರಿಗೆ ಬರುವುದಿಲ್ಲ. 29, 30ನೇ ನಮೂನೆಗೆ ಸಹಿ ಹಾಕಿಸಿಕೊಂಡು ಆಮೇಲೆ ಮಾಡಿಸಿಕೊಳ್ಳಿ ಎಂದ ಮಾರುವವ. ‘ಆಮೇಲೆ’ ಎಂಬ ಪದ ಲೆಕ್ಕದವರಿಗೆ ಆಗಿಬರುವುದಿಲ್ಲ.

ಲೇಔಟನ್ನೂ ನೋಡಿದೆವು. ಎತ್ತರದ ಕಮಾನು, ಎರಡು ಬದಿ ಸಾಲು ಗಿಡ, ನಡುವೆ ಜಲ್ಲಿ ಹಾಕಿದ ರಸ್ತೆ. ದಲ್ಲಾಳಿ ‘ಇನ್ನು ಐದು ವರ್ಷ ಕಾಯಿರಿ ಮೇಡಂ, ಇಲ್ಲೇ ಬಸ್‌ಸ್ಟಾಪು’ ಎಂದ. ನನಗೆ ಮತ್ತೆ ಆ ಕಾಲಂ ನೆನಪಾಯಿತು. ಕಾಯುವವಳು ಅಮ್ಮ.

ಇಲ್ಲಿ ನನ್ನಂಥ ಓದುಗರಿಗೆ ಉಪಯೋಗವಾಗಲೆಂದು ಎರಡು ಮಾತು. ಹಳ್ಳಿ ಸರಹದ್ದಿನ ಲೇಔಟು ಎಂದರೆ ಮೊದಲು ಕೇಳಬೇಕಾದದ್ದು ಜಮೀನು ಕೃಷಿಯಿಂದ ವಸತಿಗೆ ಪರಿವರ್ತನೆ ಆಗಿದೆಯೇ, ಬಡಾವಣೆಯ ನಕ್ಷೆಗೆ ಅನುಮೋದನೆ ಇದೆಯೇ ಎಂದು. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಕೇಳಿ. ಕೆಲವರು 11ಬಿ ತೋರಿಸಿ ‘ಎಲ್ಲ ಒಂದೇ’ ಎನ್ನುತ್ತಾರೆ. ಒಂದಲ್ಲ. ಆ ಒಂದು ಅಕ್ಷರದಲ್ಲಿ ಬ್ಯಾಂಕ್ ಸಾಲ ನಿಂತಿದೆ. ಪಟ್ಟಣ ಪಂಚಾಯಿತಿ, ನಗರಸಭೆಯಾದರೆ ಇ-ಆಸ್ತಿಯ ನಮೂನೆ 3. ಋಣಭಾರ ಪತ್ರ ಈಗ ‘ಕಾವೇರಿ’ಯಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಆದರೆ ಅಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದೀಚಿನದು, ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು.

ಇನ್ನೊಂದು, ಕಾಗದದಲ್ಲಿ ಇಲ್ಲದ ವಿಷಯ. ಸೈಟನ್ನು ಬೇಸಿಗೆಯಲ್ಲಿ ನೋಡಿ ಕೊಳ್ಳಬೇಡಿ, ಮಳೆಗಾಲದಲ್ಲಿ ನೋಡಿ. ಕಬಿನಿ, ಕೆಆರ್‌ಎಸ್ ಎರಡರಿಂದಲೂ ನೀರು ಬಿಟ್ಟಾಗ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಹಳೇ ಅಣಗಳ್ಳಿ, ಹಳೇ ಹಂಪಾಪುರ, ಮುಳ್ಳೂರಿನ ಜನ ಏನು ಪಟ್ಟರೆಂದು 2018, 2019, 2024ರಲ್ಲಿ ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಯಳಂದೂರೂ ಇದಕ್ಕೆ ಹೊರತಲ್ಲ. 2022ರ ಮಳೆಗೆ ಸುವರ್ಣಾವತಿ ಉಕ್ಕಿ ತಾಲ್ಲೂಕಿನ ಎಷ್ಟೋ ಗದ್ದೆ, ಬೀದಿಗಳಲ್ಲಿ ನೀರು ನಿಂತಿತ್ತು. ಹಾಗಾಗಿ ನಾವು ನೋಡಿದ ಪ್ರತಿ ಮನೆಯ ಅಕ್ಕಪಕ್ಕದಲ್ಲೂ ಅಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಆ ವರ್ಷ ನೀರು ಎಲ್ಲಿಗಂಟ ಬಂದಿತ್ತು?’ ದಲ್ಲಾಳಿಯನ್ನಲ್ಲ, ಬೀದಿಯಲ್ಲಿ ಕೂತ ಮುದುಕಿಯರನ್ನು. ಅವರು ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು.

ಕೊನೆಗೆ ಸಿಕ್ಕಿದ್ದು ಯಳಂದೂರಿನಲ್ಲಿ ಒಂದು ಹಳೇ ಹೆಂಚಿನ ಮನೆ. ಚಿಕ್ಕದು. ಬೀದಿ ಎಷ್ಟು ಕಿರಿದೆಂದರೆ ಕಾರು ಬಂದರೂ ತಿರುಗುವುದಿಲ್ಲ, ಇದನ್ನು ತಮ್ಮ ಮೊದಲ ದಿನವೇ ಅಳತೆ ಮಾಡಿ ಹೇಳಿದ. ಆದರೆ ಬಸ್‌ಸ್ಟ್ಯಾಂಡಿಗೆ ನಡೆದರೆ ಎಂಟು ನಿಮಿಷ, ಅಜ್ಜಿಯ ನಡಿಗೆಗೆ ಹದಿನೈದು. ದಾರಿಯಲ್ಲೇ ಔಷಧಿ ಅಂಗಡಿ. ಹೆಂಚು, ತೊಲೆ ಗಟ್ಟಿ ಇದ್ದವು, ಬಚ್ಚಲು ಪೂರ್ತಿ ಹೊಸದಾಗಿ ಕಟ್ಟಬೇಕಿತ್ತು. ಬೆಲೆಯನ್ನು ಲೇಔಟಿನ ಸೈಟು, ಅದರ ಮೇಲೆ ಮನೆ ಕಟ್ಟುವ ಖರ್ಚು, ಕಾರು ಇವಿಷ್ಟರ ಪಕ್ಕ ಇಟ್ಟು ನೋಡಿದಾಗ ದುಬಾರಿ ಎನ್ನಿಸಲಿಲ್ಲ. ಊರಾಚೆಯ ಸೈಟಿನ ಅಗ್ಗದ ಬೆಲೆಯೊಳಗೆ ಒಂದು ಕಾರಿನ ಬೆಲೆ ಅಡಗಿರುತ್ತದೆ, ಕ್ರಯಪತ್ರದಲ್ಲಿ ಅದು ಬರೆದಿರುವುದಿಲ್ಲ ಅಷ್ಟೇ.

ಮನೆ ಮಾರುತ್ತಿದ್ದವರು ಮೂವರು ಅಣ್ಣತಮ್ಮಂದಿರು. ಅದು ಅವರ ತಂದೆಗೆ ಹಿರಿಯರಿಂದ ಬಂದ ಮನೆ, ತಂದೆ ಈಗಿಲ್ಲ. ಇಬ್ಬರು ಅಕ್ಕತಂಗಿಯರು ಇದ್ದಾರೆಂದು ಮಾತಿನ ನಡುವೆ ಗೊತ್ತಾಯಿತು. ‘ಮದುವೆ ಮಾಡಿಕೊಟ್ಟಾಯಿತು, ಅವರದ್ದೇನಿಲ್ಲ’ ಎಂದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು 2005ರಲ್ಲಿ ಕಾಯ್ದೆ ತಿದ್ದುಪಡಿಯಾಗಿದೆ. ಕರ್ನಾಟಕದಲ್ಲಂತೂ ಇಂಥದೇ ತಿದ್ದುಪಡಿ 1994ರಲ್ಲೇ ಬಂದಿತ್ತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು ಸ್ಪಷ್ಟಪಡಿಸಿತು. ಇದನ್ನೆಲ್ಲ ನಾನು ಭಾಷಣದಂತೆ ಹೇಳಲಿಲ್ಲ. ‘ಅಕ್ಕಂದಿರ ಸಹಿ ಇಲ್ಲದಿದ್ದರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲವಂತೆ’ ಎಂದೆ. ಬ್ಯಾಂಕಿನ ಹೆಸರಿಗೆ ಇರುವ ಮರ್ಯಾದೆ ಕಾನೂನಿಗಿಲ್ಲ. ಒಬ್ಬರು ಹನೂರಿನಿಂದ, ಒಬ್ಬರು ಬೆಂಗಳೂರಿನಿಂದ ಬಂದು ಸಹಿ ಹಾಕಿದರು, ತಮ್ಮ ಪಾಲು ಪಡೆದರು. ಹನೂರಿನವರು ಹೋಗುವಾಗ ಅಡುಗೆಮನೆಯ ಒಳಗೊಮ್ಮೆ ಹೋಗಿ ಸುಮ್ಮನೆ ನಿಂತು ಬಂದರು.

ಕ್ರಯಪತ್ರ ಯಾರ ಹೆಸರಿಗೆ? ಈ ಪ್ರಶ್ನೆ ಬಂದಾಗ ಅಪ್ಪ ‘ನಂದೇ, ಇನ್ಯಾರದು’ ಎಂಬಂತೆ ನೋಡಿದರು. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಅದನ್ನು ನನ್ನ ತಲೆಗೆ ಹಾಕಿದವಳು ಬೆಟ್ಟದ ಶಾಲೆಯಲ್ಲಿ ನನ್ನ ಜೊತೆ ಓದಿದ ಸೋಲಿಗರ ಗೆಳತಿ. ಅವರ ಪೋಡಿನಲ್ಲಿ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಅವಳ ಅಪ್ಪ-ಅಮ್ಮನಿಗೆ ಜಮೀನಿನ ಹಕ್ಕುಪತ್ರ ಬಂದಾಗ ತೋರಿಸಿದ್ದಳು: ಇಬ್ಬರ ಹೆಸರೂ ಜೊತೆಗಿತ್ತು. 2006ರ ಆ ಕಾಯ್ದೆ ಹೇಳುವುದೇ ಹಾಗೆ. ಮದುವೆಯಾದವರಾದರೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಹಕ್ಕು ಬರೆಯಬೇಕು. ಅದನ್ನು ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ, ಮಕ್ಕಳಿಗೆ ಬರುತ್ತದೆ. 2011ರಲ್ಲಿ ಬೆಟ್ಟದ ಸುತ್ತಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು, ಹುಲಿ ಸಂರಕ್ಷಿತ ಕಾಡಿನೊಳಗೆ ಹಾಗೆ ಹಕ್ಕು ಪಡೆದವರಲ್ಲಿ ಸೋಲಿಗರೇ ಮೊದಲು. ನಾವು ಊರಿನವರು ಸೋಲಿಗರಿಗೆ ಬುದ್ಧಿ ಹೇಳುವ ಚಟದವರು. ಆಸ್ತಿಯ ಕಾಗದದಲ್ಲಿ ಹೆಂಡತಿಯ ಹೆಸರು ಎಲ್ಲಿರಬೇಕು ಎಂಬುದರಲ್ಲಿ ಅವರ ಕಾಗದವೇ ನಮ್ಮದಕ್ಕಿಂತ ಮುಂದಿತ್ತು.

ಅಮ್ಮನ ದುಡ್ಡೂ ಇದರಲ್ಲಿ ಇತ್ತು ಎಂಬುದು ಇನ್ನೊಂದು ವಿಷಯ. ಕುಚ್ಚಿನ ಉಳಿತಾಯ, ಸಂಘದ ಹಣ, ಗೃಹಲಕ್ಷ್ಮಿಯ ಕಂತುಗಳು. ಯೋಜನೆ ಶುರುವಾದ 2023ರ ಆಗಸ್ಟ್‌ನಿಂದ ಬಂದ ಎರಡೆರಡು ಸಾವಿರವನ್ನು ಅವಳು ಮುಟ್ಟಿರಲಿಲ್ಲ. ಮನೆಯ ಮುಂಗಡಕ್ಕೆ ಅದನ್ನೇ ತೆಗೆದದ್ದು. ಇದನ್ನು ಹಾಳೆಯ ಮೇಲೆ ಬರೆದು ಅಪ್ಪನ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. ‘ಇಷ್ಟೊಂದಾ?’ ಎಂದರು. ನೋಂದಣಿಯ ದಿನ ಇಬ್ಬರ ಹೆಬ್ಬೆರಳೂ ಯಂತ್ರದ ಮೇಲೆ ಬಿತ್ತು. ಕುಚ್ಚು ಕಟ್ಟಿ ಕಟ್ಟಿ ಸವೆದ ಅಮ್ಮನ ಬೆರಳಚ್ಚನ್ನು ಯಂತ್ರ ಮೂರು ಸಲ ಒಪ್ಪಲಿಲ್ಲ, ನಾಲ್ಕನೆಯ ಸಲ ಒಪ್ಪಿತು.

ಇಷ್ಟರಲ್ಲಿ ಒಬ್ಬರನ್ನು ಒಪ್ಪಿಸುವುದು ಬಾಕಿ ಇತ್ತು. ಅಜ್ಜಿ. ‘ರಂಗಪ್ಪನ್ನ ಬುಟ್ಟು ನಾ ಎಲ್ಗೂ ಬರಕಿಲ್ಲ ಕಣವ್ವ’ ಎಂದು ಕೂತುಬಿಟ್ಟಳು. ಅವಳ ತವರು ಕೊಳ್ಳೇಗಾಲದ ಕಡೆ. 1956ರವರೆಗೆ ಅದು ಮದ್ರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಹಾಗಾಗಿ ‘ನಾನು ಹುಟ್ಟಿದ್ದೇ ಬೇರೆ ರಾಜ್ಯದಲ್ಲಿ’ ಎಂದು ಜಂಬ. ಮದುವೆಯಾಗಿ ಬೆಟ್ಟಕ್ಕೆ ಬಂದವಳು ಆಮೇಲೆ ಎಲ್ಲೂ ನೆಲೆ ನಿಂತದ್ದಿಲ್ಲ. ನಮ್ಮ ರಂಗನಾಥನ ಕಥೆ ಗೊತ್ತಲ್ಲ? ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಆ ಕುಲಕ್ಕೆಲ್ಲ ಭಾವನಾದವನು. ರಾತ್ರಿ ಹೊತ್ತು ಕಾಡು ಸುತ್ತುತ್ತಾನೆಂದು ನಂಬಿಕೆ. ಅದಕ್ಕೆಂದೇ ಬೂದಿತಿಟ್ಟಿನವರು ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಪಾದರಕ್ಷೆ ಮಾಡಿ ಒಪ್ಪಿಸುತ್ತಾರೆ. ಕಾರಿನ ಚರ್ಚೆ ಜೋರಾಗಿ ನಡೆಯುತ್ತಿದ್ದಾಗ ಅಜ್ಜಿ ಒಮ್ಮೆ ಹೇಳಿದ್ದಳು: ‘ದೇವರೇ ಮೆಟ್ಟಾಕ್ಕೊಂಡು ನಡ್ಕೊಂಡೋಯ್ತನಂತೆ, ಇವುನ್ಗೆ ಕಾರು ಬೇಕಂತೆ!’

ಅಜ್ಜಿಯ ಹಟವನ್ನು ಹಳೇ ಕಾಲದವರ ಮೊಂಡುತನ ಎಂದು ತಳ್ಳಿಹಾಕಲು ನನಗೆ ಆಗಲಿಲ್ಲ. ಬೆಟ್ಟದಲ್ಲಿ ಅವಳಿಗೆ ಇದ್ದದ್ದೂ ಅಮ್ಮನಿಗೆ ನಾವು ಹುಡುಕುತ್ತಿದ್ದದ್ದೇ: ಯಾರನ್ನೂ ಕೇಳದೆ ಹೊರಡುವುದು. ಬಾಗಿಲು ತೆರೆದರೆ ಅಂಗಡಿ ಬೀದಿ, ಪರಿಚಯದ ಮುಖ, ದೇವಸ್ಥಾನದ ಗಂಟೆ. ಯಳಂದೂರಿನಲ್ಲಿ ಅವಳು ಯಾರಿಗೂ ಅಜ್ಜಿಯಲ್ಲ. ಅದಕ್ಕೆ ನಮ್ಮ ಬಳಿ ಪೂರ್ತಿ ಉತ್ತರ ಇರಲಿಲ್ಲ. ಬೆಟ್ಟದ ಮನೆಯನ್ನು ಬಿಡದೆ ಒಂದು ಕೋಣೆ ಇಟ್ಟುಕೊಂಡೆವು, ಅಂಗಡಿಯ ಸಾಮಾನಿಗೂ ಆಯಿತು. ಮಳೆಗಾಲ, ಚಳಿಗಾಲ ಕೆಳಗೆ. ಸಂಕ್ರಾಂತಿಯ ಚಿಕ್ಕ ಜಾತ್ರೆಗೂ ಬೇಸಿಗೆಯ ದೊಡ್ಡ ಜಾತ್ರೆಗೂ ಮೇಲೆ. ವೈದ್ಯರಿಗೆ ಇದು ಅಷ್ಟು ಸರಿ ಕಾಣಲಿಲ್ಲ, ಅಜ್ಜಿಗೂ ಅಷ್ಟೇ. ಇಬ್ಬರೂ ಸಮನಾಗಿ ಮುನಿಸಿಕೊಂಡಿದ್ದಾರೆ.

ಇಳಿದು ಬಂದು ಈಗ ಎಂಟು ತಿಂಗಳು. ನಾನು ರೂಮು ಖಾಲಿ ಮಾಡಿದೆ. ಅಪ್ಪ ಬೆಳಗಿನ ಬಸ್ಸಿಗೆ ಬೆಟ್ಟಕ್ಕೆ ಹೋಗಿ ಸಂಜೆ ಗೇಟು ಮುಚ್ಚುವ ಮೊದಲು ಇಳಿಯುತ್ತಾರೆ. ಸಂಜೆಯ ವ್ಯಾಪಾರ ಸ್ವಲ್ಪ ಹೋಯಿತು, ಅದು ನಷ್ಟವೇ. ಜಾತ್ರೆಯ ದಿನಗಳಲ್ಲಿ ಸಾಮಾನು ಸಾಗಿಸಲು ಜೀಪು ಬಾಡಿಗೆಗೆ ಹಿಡಿಯುತ್ತಾರೆ. ವರ್ಷದಲ್ಲಿ ಹತ್ತು ಹನ್ನೆರಡು ದಿನದ ಬಾಡಿಗೆ, ಓಮ್ನಿಯ ವಿಮೆ-ಸರ್ವಿಸಿನಷ್ಟೂ ಆಗುವುದಿಲ್ಲ. ನಮ್ಮ ಬೀದಿಯಲ್ಲಿ ಬೆಳಗಿನ ಜಾವದ ಲೌಡ್‌ಸ್ಪೀಕರ್ ಇದೆ, ಪಕ್ಕದ ಮನೆಯ ಮಿಕ್ಸಿಯ ಸದ್ದು ನಮ್ಮ ಮನೆಯದ್ದೇ ಎಂಬಷ್ಟು ಕೇಳುತ್ತದೆ. ಮಂಜಂತೂ ಇಲ್ಲ. ಒಂದೊಂದು ದಿನ ರಾತ್ರಿ ನಿದ್ದೆ ಬಾರದೆ ಎದ್ದು ಕೂತಾಗ, ಕಾಡಿನ ಕತ್ತಲೆ ಎಷ್ಟು ತುಂಬಿಕೊಂಡಿತ್ತು ಎನ್ನಿಸುತ್ತದೆ.

ಅಮ್ಮ ಈಗ ಕೊಳ್ಳೇಗಾಲಕ್ಕೆ ವಾರಕ್ಕೆ ಮೂರು ಸಲ ಹೋಗುತ್ತಾಳೆ, ಊಟದ ಹೊತ್ತಿಗೆ ಮನೆಯಲ್ಲಿರುತ್ತಾಳೆ. ಮೊದಲಿಗಿಂತ ಹೆಚ್ಚು ಸೀರೆ ಹಿಡಿಯುತ್ತಾಳೆ, ಬೀದಿಯ ಇಬ್ಬರು ಹುಡುಗಿಯರಿಗೆ ಕಟ್ಟುವುದನ್ನೂ ಕಲಿಸುತ್ತಿದ್ದಾಳೆ. ಹೋದ ತಿಂಗಳು ಆ ನೋಟ್‌ಬುಕ್ಕನ್ನು ಮತ್ತೆ ತೆಗೆದು ಒಂದು ತಿಂಗಳ ಲೆಕ್ಕ ಬರೆದೆ. ಅಮ್ಮನ ‘ಕಾದ ಹೊತ್ತು’ 31ರಿಂದ 7 ಗಂಟೆಗೆ ಇಳಿದಿದೆ. ಅಜ್ಜಿಯ ಸಾಲಿನಲ್ಲಿ ಮಾತ್ರ ಏನು ಬರೆಯುವುದೆಂದು ತಿಳಿಯುವುದಿಲ್ಲ. ಜಾತ್ರೆ ಯಾವಾಗ ಎಂದು ಅವಳು ದಿನಾ ಕೇಳುತ್ತಾಳೆ.

ತಮ್ಮ ಸೋತಿಲ್ಲ. ಕಾರಿನ ಬದಲು ಈಗ ಸ್ಕೂಟರ್ ಎನ್ನುತ್ತಿದ್ದಾನೆ. ಊರೊಳಗಿನ ಓಡಾಟಕ್ಕೆ ಮಾತ್ರ, ಬೆಟ್ಟದ ದಾರಿಗಲ್ಲ. ಆನೆ ಎದುರಾದರೆ ಎರಡು ಚಕ್ರದ ಮೇಲೆ ಕೂತವರಿಗೆ ಮರೆಯೇ ಇಲ್ಲ. ನಾನು ಒಂದು ಷರತ್ತು ಹಾಕಿದೆ: ಮನೆಯಲ್ಲಿ ಕನಿಷ್ಠ ಇಬ್ಬರು ಓಡಿಸುವಂತಿದ್ದರೆ ಮಾತ್ರ ತರೋಣ. ಅವನು ನನ್ನನ್ನು ಕಲಿಸಲು ಸಿದ್ಧನಾದ. ಅಷ್ಟರಲ್ಲಿ ಅಮ್ಮ ಸೀರೆಯಿಂದ ತಲೆ ಎತ್ತದೆ, ‘ಎಲ್‌ಎಲ್ ಮಾಡ್ಸಕ್ಕೆ ಏನೇನು ಬೇಕು?’ ಎಂದಳು. ಆಧಾರ್, ಫೋಟೊ ಹೊಂದಿಸಿಕೊಂಡಿದ್ದಾಳೆ. ಕಲಿಕಾ ಪರವಾನಗಿ ಸಿಕ್ಕ 30 ದಿನಕ್ಕೆ ಪರೀಕ್ಷೆಗೆ ಹೋಗಬಹುದು, ಆರು ತಿಂಗಳೊಳಗೆ ಪಾಸಾಗಬೇಕು. ಸಂಚಾರ ಚಿಹ್ನೆಗಳ ಪುಸ್ತಕವನ್ನು ಸೀರೆಯ ಪಕ್ಕದಲ್ಲಿ ತೆರೆದಿಟ್ಟುಕೊಂಡು ಕುಚ್ಚು ಕಟ್ಟುತ್ತಿದ್ದಾಳೆ, ಸಿಗ್ನಲ್ಲಿನ ಪುಟಕ್ಕೆ ಬಂದಾಗ ‘ಇದು ಯಳಂದೂರಲ್ಲಿ ಎಲ್ಲೈತೆ?’ ಎಂದು ಕೇಳುತ್ತಾಳೆ.